ಹುಳುವಿನ ಹೊಟ್ಟೆಯಲ್ಲಿ ಕರಗುವ ಹರಳು

ಮಡಕಶಿರ, ಹಿಂದೂಪುರದ ಕಡೆ ರೇಷ್ಮೆ ಸಾಕುವವರಿಗೆ ಸಪ್ಪೆ ರೋಗವನ್ನು ಯಾರೂ ವಿವರಿಸಬೇಕಿಲ್ಲ. ನಿನ್ನೆಯವರೆಗೆ ಸರಸರ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದ ಹುಳು ಇಂದು ಬಾಯಿ ಮುಚ್ಚುತ್ತದೆ. ಮೈ ಮೆತ್ತಗಾಗುತ್ತದೆ, ಆಮೇಲೆ ಕಪ್ಪಿಟ್ಟು ಕೊಳೆತು ನಾರುತ್ತದೆ. ಈ ರೋಗಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಮಣ್ಣಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಶಿಗೆತಾನೆ ಇಶಿವಾತಾ ಅದನ್ನು ಸತ್ತ ರೇಷ್ಮೆ ಹುಳುಗಳಿಂದ ಬೇರ್ಪಡಿಸಿದರು. ಹತ್ತು ವರ್ಷಗಳ ನಂತರ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಅವರಿಗೆ ಅದೇ ಜೀವಿ ಥುರಿಂಗಿಯಾ ಪ್ರಾಂತ್ಯದ ಹಿಟ್ಟಿನ ಗಿರಣಿಯ ಹುಳುಗಳಲ್ಲಿ ಸಿಕ್ಕಿತು. 1915ರಲ್ಲಿ ಅವರು ಅದಕ್ಕೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂದು ಹೆಸರಿಟ್ಟರು. ನಮ್ಮ ಬಾಯಲ್ಲಿ ಅದು ಬರೀ ‘ಬಿಟಿ’.

ರೇಷ್ಮೆಯವರು ಹೊಸ್ತಿಲಲ್ಲೇ ತಡೆಯಬೇಕೆನ್ನುವ ಈ ಜೀವಿಯ ವಂಶವಾಹಿಯನ್ನು ಆದೋನಿಯ ಹತ್ತಿ ಬೆಳೆಗಾರರು ದುಡ್ಡು ಕೊಟ್ಟು, ಬಿಟಿ ಹತ್ತಿಯ ಬೀಜದೊಳಗೆ, ಹೊಲಕ್ಕೆ ತರುತ್ತಾರೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯವಾದಾಗ ಅತ್ತ ಸೇರಿದವು. ಎರೆ ಭೂಮಿಯೂ ಹತ್ತಿಯೂ ಗಡಿಯ ಎರಡೂ ಬದಿಯಲ್ಲಿ ಒಂದೇ. ಆದರೆ ಆಂಧ್ರದ ಬದಿಯ ನಮ್ಮ ಕನ್ನಡದ ಮನೆಗಳಿಗೆ ಬೀಜದ ಮಾಹಿತಿ ತಲುಪುವುದು ತೆಲುಗಿನಲ್ಲಿ, ಇಲ್ಲವೇ ಪೊಟ್ಟಣದ ಹಿಂಬದಿಯ ಸಣ್ಣಕ್ಷರದ ಇಂಗ್ಲಿಷಿನಲ್ಲಿ. ಬಿಟಿ ಹುಳುವನ್ನು ಹೇಗೆ ಕೊಲ್ಲುತ್ತಿತ್ತು, ಈಗ ಏಕೆ ಕೊಲ್ಲುತ್ತಿಲ್ಲ ಎಂದು ಕೇಳಿದರೆ ಬೀಜದಂಗಡಿಯವರು ಒಂದು ಹೇಳುತ್ತಾರೆ, ಹೋರಾಟಗಾರರು ಇನ್ನೊಂದು ಹೇಳುತ್ತಾರೆ. ನಿಜವಾದ ಕಥೆ ಎರಡಕ್ಕಿಂತಲೂ ಸ್ವಾರಸ್ಯವಾಗಿದೆ.

ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಎಲೆಗಳ ಮೇಲೆ, ಧಾನ್ಯದ ದೂಳಿನಲ್ಲಿ ಎಲ್ಲೆಂದರಲ್ಲಿ ಇರುತ್ತದೆ. ಆಹಾರ ಮುಗಿಯುತ್ತ ಬಂದಾಗ ಅದು ಗಟ್ಟಿ ಕವಚದ ಬೀಜಕಣವಾಗಿ ಮಾರ್ಪಡುತ್ತದೆ. ಅದೇ ಹೊತ್ತಿಗೆ ಮಗ್ಗುಲಲ್ಲೇ ಪ್ರೋಟೀನಿನ ಒಂದು ಹರಳನ್ನು ಕಟ್ಟುತ್ತದೆ. ಎರಡು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಕೂಡಿಸಿದ ಆಕಾರ ಅದರದು. ಕೊಲ್ಲುವ ಶಕ್ತಿ ಇರುವುದು ಈ ಹರಳಿನಲ್ಲಿ ಎಂಬುದು ಖಚಿತವಾದದ್ದು 1950ರ ದಶಕದಲ್ಲಿ. ಹರಳಿನ ಪ್ರೋಟೀನ್‌ಗಳಿಗೆ ‘ಕ್ರೈ’ ಎಂಬ ಹೆಸರು ಬಂತು. ಮುಂದೆ ಕ್ರೈ1ಎಸಿ, ಕ್ರೈ2ಎಬಿ ಎಂದು ಅವುಗಳಿಗೆ ನಂಬರು ಬಿದ್ದವು.

ಹರಳು ತಾನಾಗಿ ವಿಷವಲ್ಲ. ಅದು ವಿಷವಾಗಬೇಕಾದರೆ ಮೂರು ಮೆಟ್ಟಿಲು ದಾಟಬೇಕು. ಮೊದಲನೆಯದು ಕರಗುವುದು. ಪತಂಗದ ಮರಿಹುಳುವಿನ ನಡುಕರುಳು ಬಲವಾದ ಕ್ಷಾರ. ಅಲ್ಲಿನ ರಸಸಾರ (ಪಿಎಚ್) 9ರಿಂದ 11ರವರೆಗೂ ಇರುತ್ತದೆ. ಹರಳು ಕರಗುವುದು ಅಂಥಲ್ಲಿ. ಎರಡನೆಯದು ಕತ್ತರಿಸಿಕೊಳ್ಳುವುದು. ಕರಗಿದ ಉದ್ದನೆಯ ಪ್ರೋಟೀನನ್ನು ಹುಳುವಿನದೇ ಜೀರ್ಣರಸಗಳು ಸುಮಾರು ಅರ್ಧಕ್ಕೆ ಕತ್ತರಿಸುತ್ತವೆ. ಉಳಿದ ತುಂಡೇ ಕೆಲಸ ಮಾಡುವ ವಿಷ. ಮೂರನೆಯದು ಹಿಡಿತ ಸಿಗುವುದು. ಕರುಳಿನ ಗೋಡೆಯ ಜೀವಕೋಶಗಳ ಮೇಲೆ ಕ್ಯಾಡ್ಹೆರಿನ್ ಮುಂತಾದ ಗ್ರಾಹಕ ಪ್ರೋಟೀನ್‌ಗಳಿವೆ. ವಿಷದ ತುಂಡು ಅವುಗಳಿಗೆ ಅಂಟಿಕೊಂಡು ಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ. ನೀರು ಒಳನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಹುಳು ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸುತ್ತದೆ. ಸಾಯಲು ಎರಡು ಮೂರು ದಿನ ಹಿಡಿಯಬಹುದು. ಹರಿದ ಕರುಳಿನಿಂದ ಬ್ಯಾಕ್ಟೀರಿಯಾ ಒಡಲಿಗೆ ಇಳಿದು ಅಲ್ಲಿ ಮೊಳೆಯುತ್ತದೆ. ಸತ್ತ ಹುಳು ಅದಕ್ಕೆ ಊಟ.

ಮೂರರಲ್ಲಿ ಯಾವ ಮೆಟ್ಟಿಲು ತಪ್ಪಿದರೂ ವಿಷ ನಾಟುವುದಿಲ್ಲ. ನಮ್ಮ ಜಠರದಲ್ಲಿರುವುದು ಕ್ಷಾರವಲ್ಲ, ಆಮ್ಲ. ಅಲ್ಲಿ ಈ ಪ್ರೋಟೀನ್ ಬೇಳೆಯ ಪ್ರೋಟೀನಿನಂತೆಯೇ ಚೂರುಚೂರಾಗುತ್ತದೆ. ಅದು ಅಂಟಿಕೊಳ್ಳಬೇಕಾದ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ. ಆದೋನಿಯ ಎಣ್ಣೆ ಗಿರಣಿಗಳಿಂದ ಬರುವ ಹತ್ತಿಕಾಳಿನ ಹಿಂಡಿಯನ್ನು ಎಮ್ಮೆ, ಎತ್ತುಗಳು ವರ್ಷಗಳಿಂದ ತಿನ್ನುತ್ತಿವೆ. ಬಿಟಿ ಹತ್ತಿಯ ಬಗ್ಗೆ ಆಕ್ಷೇಪಗಳು ಬೇಕಾದಷ್ಟಿವೆ, ಅವುಗಳಲ್ಲಿ ಕೆಲವು ನನ್ನವೂ ಹೌದು. ಆದರೆ ಅದು ದನಕ್ಕೆ ವಿಷ ಎಂಬುದು ಅವುಗಳಲ್ಲೊಂದಲ್ಲ.

ಈ ನಿಖರತೆಗೆ ಇನ್ನೊಂದು ಮುಖವಿದೆ. ಪತಂಗದ ಮರಿಗಳನ್ನು ಕೊಲ್ಲುವ ಕ್ರೈ1 ಗುಂಪು ಬೇರೆ, ದುಂಬಿಗಳನ್ನು ಕೊಲ್ಲುವ ಕ್ರೈ3 ಬೇರೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಕೊಳವೊಂದರಲ್ಲಿ ಸಿಕ್ಕ ಇಸ್ರೇಲೆನ್ಸಿಸ್ ಎಂಬ ಬಗೆ ಸೊಳ್ಳೆಮರಿಗಳನ್ನು ಕೊಲ್ಲುತ್ತದೆ. ಚರಂಡಿಗಳಿಗೆ ಸಿಂಪಡಿಸುವುದು ಅದನ್ನು. ಹತ್ತಿಯಲ್ಲಿರುವ ವಿಷಗಳು ರಸ ಹೀರುವ ಸಸ್ಯಹೇನು, ಜಿಗಿಹುಳು, ಬಿಳಿನೊಣಗಳಿಗೆ ಏನೂ ಮಾಡುವುದಿಲ್ಲ. ‘ಬಿಟಿ ಹಾಕಿದರೂ ಜಿಗಿಹುಳು ಬಂತು’ ಎಂದು ದೂರುವವರು ಆ ಬೀಜ ಎಂದೂ ಕೊಡದ ಮಾತನ್ನು ಕೇಳುತ್ತಿದ್ದಾರೆ. ಮಾರುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೂ ನಿಜ.

ವಂಶವಾಹಿಯ ಮಾತು ಹುಟ್ಟುವುದಕ್ಕೆ ಬಹಳ ಮೊದಲೇ ಬಿಟಿ ಪುಡಿಯ ರೂಪದಲ್ಲಿತ್ತು. 1938ರಲ್ಲೇ ಫ್ರಾನ್ಸಿನಲ್ಲಿ ‘ಸ್ಪೋರಿನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಈಗ ಅಂಗಡಿಗಳಲ್ಲಿ ಸಿಗುವ ಕೃಷಿ ಬಿಟಿ ಹೆಚ್ಚಾಗಿ ಕುರ್ಸ್ಟಾಕಿ ಎಂಬ ಬಗೆಯದು. ಕೋಸಿನ ವಜ್ರಬೆನ್ನಿನ ಪತಂಗದಂಥ ಎಲೆ ತಿನ್ನುವ ಹುಳುಗಳಿಗೆ ಅದು ಒಳ್ಳೆಯ ಔಷಧಿ. ಆದರೆ ಅದನ್ನು ಹೊಡೆಯುವ ಕ್ರಮ ಬೇರೆ. ರಾಸಾಯನಿಕದಂತೆ ಮೈಗೆ ತಗುಲಿದರೆ ಸಾಲದು, ಹುಳು ಅದನ್ನು ತಿನ್ನಬೇಕು. ಹಾಗಾಗಿ ಎಲೆಯ ಅಡಿಭಾಗವೂ ನೆನೆಯಬೇಕು. ಬಿಸಿಲಿನ ಅತಿನೇರಳೆ ಕಿರಣ ಕೆಲವೇ ದಿನಗಳಲ್ಲಿ ಅದನ್ನು ಕೆಡಿಸುತ್ತದೆ. ಆದ್ದರಿಂದ ಸಂಜೆ ಹೊಡೆಯಬೇಕು. ಹುಳು ಚಿಕ್ಕದಿರುವಾಗ ಹೊಡೆಯಬೇಕು. ಬಲಿತ ಹುಳು ತಿಂದೂ ಬದುಕಿಕೊಳ್ಳುತ್ತದೆ. ನಮ್ಮ ಕಡೆ ಇನ್ನೊಂದು ಎಚ್ಚರಿಕೆ ಬೇಕು. ಅನಂತಪುರ, ಕರ್ನೂಲು ಭಾಗದ ಎಷ್ಟೋ ಬೋರ್‌ವೆಲ್‌ಗಳದು ಸವಳು ನೀರು. ಕ್ಷಾರ ಹೆಚ್ಚಿರುವ ನೀರಿನಲ್ಲಿ ಪುಡಿ ಕಲಸಿ ರಾತ್ರಿಯಿಡೀ ಇಟ್ಟರೆ ಹುಳುವಿನ ಹೊಟ್ಟೆಯಲ್ಲಿ ಕರಗಬೇಕಾದ ಹರಳು ಡ್ರಮ್ಮಿನಲ್ಲೇ ಕರಗಲು ಶುರುವಾಗುತ್ತದೆ. ಕಲಸಿದ್ದನ್ನು ಆಗಿಂದಾಗಲೇ ಹೊಡೆದು ಮುಗಿಸಬೇಕು. ಹಿಪ್ಪುನೇರಳೆ ತೋಟ ಪಕ್ಕದಲ್ಲಿದ್ದರೆ ಹೊಡೆಯಲೇಬಾರದು. ರೇಷ್ಮೆ ಹುಳುವೂ ಪತಂಗದ ಮರಿಯೇ. ಬಿಟಿಗೆ ಮಿತ್ರ ಯಾರು, ಶತ್ರು ಯಾರು ಎಂದು ತಿಳಿಯುವುದಿಲ್ಲ.

ಹತ್ತಿಗೆ ಬಂದರೆ ಈ ಪುಡಿ ಸೋಲುತ್ತದೆ. ಏಕೆಂದು ತಿಳಿಯಲು ಒಂದು ಹಸಿರು ಕಾಯಿಯನ್ನು ಬಿಡಿಸಿ ನೋಡಬೇಕು. ಹೊರಗಿನಿಂದ ಕಾಯಿ ಚೆನ್ನಾಗಿಯೇ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿ ತೊಳೆಗಳನ್ನು ಅಗಲಿಸಿದರೆ ಒಳಗೆ ಒಂದು ತೊಳೆ ಮಾತ್ರ ಕಂದುಬಣ್ಣಕ್ಕೆ ತಿರುಗಿರುತ್ತದೆ. ನಾರು ಅಂಟಂಟಾಗಿ, ಬೀಜ ಅರ್ಧ ಖಾಲಿಯಾಗಿರುತ್ತದೆ. ಎರಡು ತೊಳೆಗಳ ನಡುವಿನ ಪರದೆಯಲ್ಲಿ ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತು. ಅಲ್ಲೇ ಬೀಜಕ್ಕೆ ಬಾಯಿ ಹಾಕಿಕೊಂಡು ಗುಲಾಬಿ ಪಟ್ಟಿಗಳ ಒಂದು ಹುಳು ಮಲಗಿರುತ್ತದೆ. ಇದು ಗುಲಾಬಿ ಕಾಯಿಕೊರಕ. ಮೊಟ್ಟೆಯೊಡೆದ ಮರಿ ಎಲೆಯನ್ನು ಮುಟ್ಟುವುದೇ ಇಲ್ಲವೆನ್ನಬಹುದು; ನೇರವಾಗಿ ಮೊಗ್ಗಿಗೋ ಎಳೆ ಕಾಯಿಗೋ ನುಗ್ಗುತ್ತದೆ. ಹೊಕ್ಕ ತೂತು ಮುಚ್ಚಿಹೋಗುತ್ತದೆ. ಒಳಗೆ ಸೇರಿದ ಮೇಲೆ ಬಿಟಿ ಪುಡಿಯಾಗಲಿ ದುಬಾರಿ ರಾಸಾಯನಿಕವಾಗಲಿ ಅದನ್ನು ತಲುಪುವುದು ಕಷ್ಟ. ಅದು ತಿನ್ನುವ ಬೀಜದಲ್ಲಿಯೇ ವಿಷವಿದ್ದರೆ?

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಂತಹಂತವಾಗಿ. 1981ರಲ್ಲಿ ಅಮೆರಿಕದ ಶ್ನೆಪ್ ಮತ್ತು ವೈಟ್ಲಿ ಬಿಟಿಯ ಹರಳಿನ ವಂಶವಾಹಿಯನ್ನು ಬೇರ್ಪಡಿಸಿ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಕೂರಿಸಿದರು. 1987ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ತಂಡ ಆ ವಂಶವಾಹಿ ಹೊತ್ತ ಹೊಗೆಸೊಪ್ಪಿನ ಗಿಡವನ್ನು ಲೋಕಕ್ಕೆ ತೋರಿಸಿತು. ಗಿಡಕ್ಕೆ ವಂಶವಾಹಿ ಸಾಗಿಸುವ ಕೆಲಸ ಮಾಡುವುದೂ ಒಂದು ಮಣ್ಣಿನ ಬ್ಯಾಕ್ಟೀರಿಯಾವೇ. ಆಗ್ರೋಬ್ಯಾಕ್ಟೀರಿಯಂ ಎಂಬ ಅದು ಮನುಷ್ಯರ ಹಂಗಿಲ್ಲದೆ ಗಿಡಗಳೊಳಗೆ ತನ್ನ ವಂಶವಾಹಿಗಳನ್ನು ತುರುಕಿ ಬುಡದಲ್ಲಿ ಗಂಟು ಬೆಳೆಸುತ್ತದೆ. ವಿಜ್ಞಾನಿಗಳು ಗಂಟಿನ ವಂಶವಾಹಿಯನ್ನು ತೆಗೆದು ಅಲ್ಲಿ ತಮಗೆ ಬೇಕಾದುದನ್ನು ಇಟ್ಟರು. ಆದರೂ ಮೊದಮೊದಲು ಗಿಡದಲ್ಲಿ ವಿಷ ತಯಾರಾಗುತ್ತಿದ್ದುದು ಅತ್ಯಲ್ಪ. ಬ್ಯಾಕ್ಟೀರಿಯಾದ ವಂಶವಾಹಿಯ ಬರವಣಿಗೆ ಗಿಡದ ಜೀವಕೋಶಕ್ಕೆ ಸರಿಯಾಗಿ ಒಗ್ಗುತ್ತಿರಲಿಲ್ಲ. ಪ್ರೋಟೀನ್ ಬದಲಾಗದಂತೆ ಅದನ್ನು ಗಿಡಕ್ಕೆ ಒಪ್ಪುವ ರೀತಿಯಲ್ಲಿ ತಿದ್ದಿ ಬರೆದ ಮೇಲೆ ವಿಷದ ಪ್ರಮಾಣ ಹಲವು ಪಟ್ಟು ಏರಿತು. 1996ರಲ್ಲಿ ಅಮೆರಿಕದಲ್ಲಿ ಬಿಟಿ ಹತ್ತಿ ಹೊಲಕ್ಕಿಳಿಯಿತು. 2002ರ ಮಾರ್ಚ್‌ನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಮೊದಲ ಪಟ್ಟಿಯಲ್ಲಿದ್ದ ಆರು ರಾಜ್ಯಗಳಲ್ಲಿ ಆಂಧ್ರವೂ ಕರ್ನಾಟಕವೂ ಇದ್ದವು.

ಆಗ ರೈತರ ತಲೆನೋವು ಗುಲಾಬಿ ಹುಳುವಲ್ಲ, ಹಸಿರು ಕಾಯಿಕೊರಕ. 1987ರ ಹಂಗಾಮಿನಲ್ಲಿ ಕರಾವಳಿ ಆಂಧ್ರದಲ್ಲಿ ಅದು ಪೈರಿಥ್ರಾಯ್ಡ್ ಎಂಬ ಕೀಟನಾಶಕಗಳಿಗೆ ಜಗ್ಗದೆ ಬೆಳೆಯನ್ನು ನುಂಗಿತ್ತು. ತೊಂಬತ್ತರ ದಶಕದಲ್ಲಿ ಒಂದೇ ಬೆಳೆಗೆ ಹತ್ತಾರು ಸಲ ಔಷಧಿ ಹೊಡೆದು ಸಾಲದಲ್ಲಿ ಮುಳುಗಿದವರಿದ್ದರು. ಕ್ರೈ1ಎಸಿ ಇದ್ದ ಹತ್ತಿ ಆ ಹುಳುವಿನ ಕಾಟವನ್ನು ನಿಜವಾಗಿಯೂ ಇಳಿಸಿತು. ಹಸಿರು ಕಾಯಿಕೊರಕವನ್ನು ಬಿಟಿ ಈಗಲೂ ಬಹುಮಟ್ಟಿಗೆ ಹಿಡಿದಿಟ್ಟಿದೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಆಡುವುದು ಸರಿಯಲ್ಲ. 450 ಗ್ರಾಂ ಪೊಟ್ಟಣದ ಬೆಲೆ 1,600 ರೂಪಾಯಿಗೂ ಮೇಲಿದ್ದಾಗ, 2006ರಲ್ಲಿ, ಆಂಧ್ರ ಸರ್ಕಾರವೇ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮೆಟ್ಟಿಲೇರಿ ಅದು 750 ರೂಪಾಯಿಗೆ ಇಳಿಯುವಂತೆ ಮಾಡಿತು. ಅದೇ ವರ್ಷ ಎರಡು ವಿಷಗಳ ಬೀಜ, ಬೋಲ್‌ಗಾರ್ಡ್ 2, ಬಂತು. ಭಾರತದ ಹತ್ತಿ ಹೊಲಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಬಿಟಿಯಾಯಿತು.

ತೊಡಕು ಅಲ್ಲೇ ಇದೆ. ಸಿಂಪಡಿಸಿದ ಬಿಟಿ ನೆಂಟನಂತೆ ಬಂದು ಹೋಗುತ್ತದೆ. ಗಿಡದೊಳಗಿನ ಬಿಟಿ ಮನೆಯಲ್ಲೇ ಠಿಕಾಣಿ ಹೂಡುತ್ತದೆ. ಬಿತ್ತಿದ ದಿನದಿಂದ ಕಡ್ಡಿ ಕೀಳುವ ದಿನದವರೆಗೆ, ಸೀಮೆಯ ತುಂಬ, ವರ್ಷ ವರ್ಷವೂ ಹುಳುಗಳ ಮೇಲೆ ಒಂದೇ ವಿಷದ ಒತ್ತಡ. ಲಕ್ಷಾಂತರ ಹುಳುಗಳಲ್ಲಿ ಎಲ್ಲೋ ಒಂದರ ಕರುಳಿನ ಗ್ರಾಹಕ ಹುಟ್ಟಿನಿಂದಲೇ ಕೊಂಚ ಬೇರೆಯಾಗಿರುತ್ತದೆ. ವಿಷಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ಉಳಿದವೆಲ್ಲ ಸತ್ತಾಗ ಬದುಕಿ ಸಂತಾನ ಬೆಳೆಸುವುದು ಅದೇ.

ಇದನ್ನು ಮುಂಚೆಯೇ ಊಹಿಸಿ ಮಾಡಿದ ಉಪಾಯವೇ ಆಶ್ರಯ ಬೆಳೆ. ಹಳೆಯ ಪೊಟ್ಟಣಗಳ ಜತೆ 120 ಗ್ರಾಂನ ಇನ್ನೊಂದು ಸಣ್ಣ ಪೊಟ್ಟಣ ಬರುತ್ತಿತ್ತಲ್ಲ, ಅದು. ಬಿಟಿ ಇಲ್ಲದ ಆ ಬೀಜವನ್ನು ಹೊಲದ ಸುತ್ತ ಸಾಲುಗಳಲ್ಲಿ ಬಿತ್ತಬೇಕಿತ್ತು. ಅಲ್ಲಿ ಹುಳುಗಳು ಬದುಕಲಿ ಎಂಬುದೇ ಉದ್ದೇಶ. ನಿರೋಧಕ ಗುಣ ಬಹುಪಾಲು ಸುಪ್ತವಾದದ್ದು: ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಹುಳು ಗಟ್ಟಿಯಾಗುತ್ತದೆ, ಒಂದೇ ಕಡೆಯಿಂದ ಬಂದರೆ ವಿಷಕ್ಕೆ ಸಾಯುತ್ತದೆ. ಬಿಟಿ ಗಿಡದಲ್ಲಿ ಬದುಕಿದ ಒಂದು ಗಟ್ಟಿ ಪತಂಗದ ಸುತ್ತ ಆಶ್ರಯ ಸಾಲಿನಿಂದ ಬಂದ ನೂರು ಮೆದು ಪತಂಗಗಳಿದ್ದರೆ ಅದರ ಜೋಡಿ ಹೆಚ್ಚುಕಡಿಮೆ ಮೆದುವೇ ಆಗಿರುತ್ತದೆ. ಅವುಗಳ ಮಕ್ಕಳು ಬಿಟಿ ಗಿಡದ ಮೇಲೆ ಸಾಯುತ್ತವೆ. ಲೆಕ್ಕ ಸರಿಯಾಗಿದೆ. ಆದರೆ ಹುಳು ಬೆಳೆಯಲಿ ಎಂದು ಕೈಯಾರೆ ನೆಲ ಬಿಟ್ಟುಕೊಡುವ ಸಣ್ಣ ರೈತ ಎಲ್ಲಿದ್ದಾನೆ? ಎರಡು ಮೂರು ಎಕರೆಯವನಿಗೆ ಪ್ರತಿ ಸಾಲೂ ಲೆಕ್ಕದ್ದೇ. ಆ ಸಣ್ಣ ಪೊಟ್ಟಣ ಬದುವಿಗೆ ಬಿತ್ತು, ಇಲ್ಲವೇ ಕೊಟ್ಟಿಗೆಯ ಗೂಡಿನಲ್ಲಿ ಉಳಿಯಿತು. ರೈತನನ್ನು ಬೈಯುವುದು ಸುಲಭ; ಆಶ್ರಯ ಸಾಲು ಏಕೆ ಬೇಕೆಂಬುದನ್ನು ಅವನ ಭಾಷೆಯಲ್ಲಿ, ಅವನ ಜಗುಲಿಯ ಮೇಲೆ ಕೂತು ಹೇಳಿದವರು ಎಷ್ಟು ಮಂದಿ? ತೊಗರಿಯನ್ನು ಆಶ್ರಯ ಬೆಳೆಯಾಗಿ ಹಾಕಬಹುದೆಂಬ ಸಲಹೆಯೂ ಇತ್ತು. ತೊಗರಿಯನ್ನೂ ತಿನ್ನುವ ಹಸಿರು ಕಾಯಿಕೊರಕಕ್ಕೆ ಅದು ಸರಿ. ಗುಲಾಬಿ ಹುಳುವಿಗೆ ಹತ್ತಿಯೇ ಬೇಕು. ತೊಗರಿ ಅದಕ್ಕೆ ಆಶ್ರಯವೇ ಅಲ್ಲ.

ಇನ್ನೊಂದು ಕಾರಣ ಬೀಜದೊಳಗೇ ಇದೆ. ಇದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಭಾರತದಲ್ಲಿ ಬಿಟಿ ಬಂದದ್ದು ಹೈಬ್ರಿಡ್ ಬೀಜವಾಗಿ. ಕಂಪನಿಗಳಿಗೆ ಅದು ಲಾಭ, ಏಕೆಂದರೆ ರೈತ ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕು. ಸಾಮಾನ್ಯವಾಗಿ ಹೈಬ್ರಿಡ್‌ನ ಎರಡು ಪೋಷಕ ಗಿಡಗಳಲ್ಲಿ ಬಿಟಿ ಇರುವುದು ಒಂದರಲ್ಲಿ. ಹಾಗಾಗಿ ರೈತನ ಹೊಲದ ಗಿಡದಲ್ಲಿ ವಂಶವಾಹಿಯ ಒಂದೇ ಪ್ರತಿ ಇರುತ್ತದೆ. ಎಲೆ, ಕಾಂಡ, ಮೊಗ್ಗು ಎಲ್ಲದರಲ್ಲೂ ವಿಷವಿರುತ್ತದೆ, ಸರಿ. ಆದರೆ ಕಾಯಿಯೊಳಗಿನ ಬೀಜ ಆ ಗಿಡವಲ್ಲ, ಅದರ ಮಕ್ಕಳು. ಮಕ್ಕಳಲ್ಲಿ ವಂಶವಾಹಿ ಹಂಚಿಹೋಗುತ್ತದೆ: ಒಂದೇ ವಿಷದ ಬೀಜವಾದರೆ ನಾಲ್ಕರಲ್ಲಿ ಒಂದು ಬೀಜಕ್ಕೆ ವಿಷವೇ ಇಲ್ಲ. ಎರಡು ವಿಷಗಳ ಬೋಲ್‌ಗಾರ್ಡ್ 2ರಲ್ಲಿ ಹದಿನಾರರಲ್ಲಿ ಒಂಬತ್ತಕ್ಕೆ ಎರಡೂ, ಆರಕ್ಕೆ ಯಾವುದಾದರೂ ಒಂದು, ಒಂದಕ್ಕೆ ಏನೂ ಇಲ್ಲ. ಗುಲಾಬಿ ಹುಳು ತಿನ್ನುವುದು ಇದೇ ಬೀಜಗಳನ್ನು. ಒಂದು ಕಾಯಿಯೊಳಗೆ ಪೂರ್ತಿ ವಿಷ, ಅರೆ ವಿಷ, ಸೊನ್ನೆ ವಿಷದ ಬೀಜಗಳು ಒತ್ತೊತ್ತಾಗಿ ಕೂತಿರುತ್ತವೆ. ಹುಳು ಒಂದರಿಂದ ಇನ್ನೊಂದಕ್ಕೆ ತೆವಳುತ್ತದೆ. ಅರೆಬರೆ ನಿರೋಧಕ ಗುಣವಿರುವ ಹುಳು ದಾಟಿಕೊಳ್ಳಲು ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಬೇಕೆಂದೇ ಯೋಚಿಸಿದ್ದರೂ ಮಾಡಲಾಗುತ್ತಿರಲಿಲ್ಲ.

ಇದಕ್ಕೆ ಕಾಲಾವಧಿಯೂ ಸೇರಿತು. ಗಿಡಕ್ಕೆ ವಯಸ್ಸಾದಂತೆ ಕ್ರೈ1ಎಸಿ ಇಳಿಯುತ್ತದೆ. ಬಿತ್ತಿ ಸುಮಾರು 110 ದಿನ ಕಳೆದ ಮೇಲೆ ಹಸಿರು ಕಾಯಿಕೊರಕಕ್ಕೂ ಸಾಲದಷ್ಟು ಇಳಿಯುವುದನ್ನು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರು ಅಳೆದು ತೋರಿಸಿದ್ದಾರೆ. ನಮ್ಮ ಹೈಬ್ರಿಡ್‌ಗಳು ದೀರ್ಘಾವಧಿಯವು. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರೋ ಬೋರ್‌ವೆಲ್ಲೋ ಇದ್ದವರು ಸಂಕ್ರಾಂತಿ ದಾಟಿದರೂ ಇನ್ನೊಂದು ಬಿಡಿಸುವಿಕೆ ಸಿಕ್ಕೀತೆಂದು ಗಿಡ ಉಳಿಸುತ್ತಾರೆ. ಗುಲಾಬಿ ಹುಳು ಜೋರಾಗುವುದು ಹಂಗಾಮಿನ ಆ ಕೊನೆಯಲ್ಲೇ.

2009ರ ಬೆಳೆಯಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಹುಳು ಕ್ರೈ1ಎಸಿಯನ್ನು ಗೆದ್ದಿತ್ತು. ಎರಡು ವಿಷಗಳ ಬೀಜದ ತರ್ಕವೇ ಅಲ್ಲಿಗೆ ಮುರಿಯಿತು. ಒಂದು ಆಗಲೇ ಸತ್ತಿದ್ದರಿಂದ ಎರಡನೆಯದು ಒಂಟಿಯಾಗಿ ಹೋರಾಡಬೇಕಾಯಿತು. 2014-15ರ ಹೊತ್ತಿಗೆ ಅದೂ ಸೋತಿತು. ನಂತರ ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಕರ್ನಾಟಕ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಔಷಧಿ ಹೊಡೆಯುತ್ತಲೇ ವಿಷವೇರಿ ಹಲವು ರೈತರು, ಕೂಲಿಕಾರರು ಪ್ರಾಣ ಕಳೆದುಕೊಂಡರು. ವಿಷದ ಡಬ್ಬಿಗಳಿಂದ ಬಿಡುಗಡೆ ಎಂದು ಬಂದ ಬೀಜ ರೈತರನ್ನು ಮತ್ತೆ ಆ ಡಬ್ಬಿಗಳ ಬಳಿಗೇ ತಂದು ನಿಲ್ಲಿಸಿತ್ತು.

ಇದೇ ಹುಳುವನ್ನು ಅಮೆರಿಕ 2018ರ ಅಕ್ಟೋಬರಿನಲ್ಲಿ ತನ್ನ ಹತ್ತಿ ಪ್ರದೇಶಗಳಿಂದ ನಿರ್ಮೂಲವಾಯಿತೆಂದು ಘೋಷಿಸಿತು. ಅಲ್ಲಿ ಬಿಟಿ ಒಂಟಿಯಾಗಿರಲಿಲ್ಲ. ಆಶ್ರಯ ಬೆಳೆ ಕಾನೂನಿನ ಕಟ್ಟಾಗಿತ್ತು. ಮುಂದೆ ವಿಕಿರಣದಿಂದ ಬಂಜೆ ಮಾಡಿದ ಪತಂಗಗಳನ್ನು ವಿಮಾನದಿಂದ ಅಪಾರ ಸಂಖ್ಯೆಯಲ್ಲಿ ಬಿಟ್ಟರು, ಹಂಗಾಮು ಮುಗಿದೊಡನೆ ಹೊಲ ಉತ್ತರು. ಚೀನಾದಲ್ಲಿ ಇನ್ನೊಂದು ಬಗೆ: ಅನೇಕ ರೈತರು ಬಿಟಿ ಹೈಬ್ರಿಡ್‌ನ ಎರಡನೇ ತಲೆಮಾರಿನ ಬೀಜ ಬಿತ್ತಿದ್ದರಿಂದ ಹೊಲದಲ್ಲಿ ನಾಲ್ಕರಲ್ಲೊಂದು ಗಿಡ ಪೂರ್ತಿಯಾಗಿ ಬಿಟಿ ಇಲ್ಲದ್ದಾಗಿ, ಯಾರೂ ಹೇಳದೆಯೇ ಆಶ್ರಯ ಹುಟ್ಟಿಕೊಂಡಿತು. ಅಲ್ಲಿ ಬೆರಕೆ ಗಿಡಗಿಡಕ್ಕೆ, ನಮ್ಮಲ್ಲಿ ಬೆರಕೆ ಒಂದೇ ಕಾಯಿಯೊಳಗೆ, ಫಲ ತಿರುಗುಮುರುಗು. ನಮ್ಮಲ್ಲಿ ಈಗ ಬಿಟಿ ಇಲ್ಲದ ಬೀಜವನ್ನು ಅದೇ ಪೊಟ್ಟಣದಲ್ಲಿ ಶೇಕಡ 5ರಷ್ಟು ಬೆರೆಸಿ ಕೊಡುವ ಪದ್ಧತಿ ಬಂದಿದೆ. ಬಂದದ್ದು ಒಳ್ಳೆಯದೇ, ಬಂದದ್ದು ತಡವಾಗಿ.

ಇನ್ನು ಸದ್ಯಕ್ಕೆ ಹೊಲದಲ್ಲಿ ಮಾಡಬಹುದಾದದ್ದು. ಹೂವು ಬಿಡುವ ಹೊತ್ತಿಗೆ ಎಸಳುಗಳು ಅರಳದೆ ತುದಿಯಲ್ಲಿ ಅಂಟಿಕೊಂಡು ಗುಲಾಬಿ ಮೊಗ್ಗಿನಂತೆ ಉಳಿದ ಹೂಗಳನ್ನು ಹುಡುಕಿ ಕಿತ್ತು ನಾಶ ಮಾಡಬೇಕು; ಒಳಗೆ ಹುಳು ಇರುತ್ತದೆ. ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆ ಕಟ್ಟಿ, ಒಂದು ಬಲೆಗೆ ರಾತ್ರಿಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಔಷಧಿಯ ಯೋಚನೆ ಮಾಡಬೇಕು. ಇಪ್ಪತ್ತು ಹಸಿರು ಕಾಯಿ ಬಿಡಿಸಿ ಎರಡರಲ್ಲಿ ಜೀವಂತ ಹುಳು ಕಂಡರೂ ಅದೇ ಮಾತು. ಅಂಗಡಿಯವರ ಕ್ಯಾಲೆಂಡರ್ ನೋಡಿ ಹೊಡೆಯುವುದಕ್ಕಿಂತ ಇದು ಮೇಲು. ಅಲ್ಪಾವಧಿಯ ತಳಿಗಳನ್ನು ಒತ್ತಾಗಿ ಬಿತ್ತಿ ಹುಳು ಜೋರಾಗುವ ಮುನ್ನವೇ ಬೆಳೆ ಮುಗಿಸುವ ದಾರಿಯನ್ನು ಸಂಶೋಧಕರು ಒತ್ತಿ ಹೇಳುತ್ತಿದ್ದಾರೆ. ನನಗೆ ಅದೇ ಎಲ್ಲಕ್ಕಿಂತ ಭರವಸೆಯ ದಾರಿಯಾಗಿ ಕಾಣುತ್ತದೆ.

ಉಳಿದದ್ದು ಹಂಗಾಮಿನಾಚೆಯ ಕೆಲಸ. ಗುಲಾಬಿ ಹುಳು ಬೇಸಿಗೆಯನ್ನು ಕಳೆಯುವುದು ಒಣ ಕಾಯಿಗಳಲ್ಲಿ, ಎರಡು ಬೀಜಗಳನ್ನು ಜೋಡಿಸಿ ಅದರ ನಡುವೆ ಗೂಡು ಮಾಡಿಕೊಂಡು. ಮುಂದಿನ ಮುಂಗಾರಿನಲ್ಲಿ ಪತಂಗವಾಗಿ ಹೊರಬರುತ್ತದೆ. ಒಲೆಗೆಂದು ಮನೆಯ ಹಿಂದೆ ಒಟ್ಟಿದ ಹತ್ತಿ ಕಟ್ಟಿಗೆಯಲ್ಲಿ ಒಣಗಿದ ಕಾಯಿಗಳಿದ್ದರೆ ಹುಳುವೂ ಇರುತ್ತದೆ. ಅವುಗಳನ್ನು ಮೊದಲು ಉದುರಿಸಿ ಸುಡಬೇಕು, ಅಥವಾ ಕಟ್ಟಿಗೆಯನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಬೇಕು. ಜಿನ್ನಿಂಗ್ ಮಿಲ್ಲುಗಳ ಅಂಗಳದ ಕಾಳಿನ ರಾಶಿಯೂ ಅಷ್ಟೇ. ಆದೋನಿಯ ಮಾರುಕಟ್ಟೆಗೆ ಸುತ್ತಲ ಸೀಮೆಯ ಹತ್ತಿಯೆಲ್ಲ ಬರುವುದರಿಂದ ಹುಳುವೂ ಬರುತ್ತದೆ. ಮಿಲ್ಲಿನ ಆವರಣದಲ್ಲಿ ವರ್ಷವಿಡೀ ಮೋಹಕ ಬಲೆ ಮತ್ತು ದೀಪದ ಬಲೆ ಇಡಬೇಕೆಂಬುದು ಶಿಫಾರಸು. ಪಕ್ಕದ ಹೊಲದವರು ಒಂದು ದಿನ ಒಳಗೆ ಹೋಗಿ ಬಲೆ ಇದೆಯೇ ಎಂದು ಕೇಳಬಹುದು.